ಹೋಮ್ ರನ್ ಆಮೇಲೆ, ಮೊದಲು ವರ್ಷ ಎಣಿಸಿ: ಮ್ಯಾರಿನರ್ಸ್ ಹುಡುಗರನ್ನು ಅಳೆಯುವುದು ಹೇಗೆ

ಐಪಿಎಲ್ ಹರಾಜಿನ ದಿನ ಆಫೀಸ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರುವವರ ಪೈಕಿ ನೀವಾಗಿದ್ದರೆ, ಬೇಸ್‌ಬಾಲ್ ನಿಮಗೆ ಹೇಳಿ ಮಾಡಿಸಿದ ಆಟ. ಮೈದಾನದಲ್ಲಿ ನಡೆಯೋದು ಎರಡೂವರೆ, ಮೂರು ಗಂಟೆ. ಯಾರನ್ನು ತಗೋಬೇಕಿತ್ತು, ಯಾರನ್ನು ಬಿಡಬೇಕಿತ್ತು, ಯಾರಿಗೆ ಎಷ್ಟು ಕೊಡಬೇಕಿತ್ತು ಎಂಬ ಜಗಳ ಮಾತ್ರ ವರ್ಷವಿಡೀ ನಡೆಯುತ್ತದೆ. ನಾನು ಸಿಯಾಟಲ್ ಮ್ಯಾರಿನರ್ಸ್ ಕಡೆಯವಳು. ಮನೆ ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಎವರೆಟ್, ಅಲ್ಲಿ ಮ್ಯಾರಿನರ್ಸ್‌ನ ಮರಿ ತಂಡ ಅಕ್ವಾಸಾಕ್ಸ್ ಆಡುತ್ತದೆ. ಹೀಗಾಗಿ ಹುಡುಗರಿಗೆ ಹೆಸರು ಬರುವ ಮೊದಲೇ ಅವರನ್ನು ನೋಡುವ ಚಟ ಹತ್ತಿಬಿಟ್ಟಿದೆ. ಈ ಪ್ರಾಸ್ಪೆಕ್ಟ್‌ಗಳ, ಅಂದರೆ ಮುಂದೆ ಬೆಳೆಯಬಹುದಾದ ಹುಡುಗರ ಲೆಕ್ಕ ಹೇಗೆ ಅಂತ ನಮ್ಮ ಕನ್ನಡ ಬಳಗದವರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ನನ್ನ ಪದ್ಧತಿ ಮೊದಲೇ ಹೇಳಿಬಿಡುತ್ತೇನೆ. ಹುಡುಗ ಎಷ್ಟು ದೂರ ಹೊಡೆಯುತ್ತಾನೆ ಅನ್ನೋದು ಎರಡನೇ ಪ್ರಶ್ನೆ. ಎಷ್ಟು ವರ್ಷ, ಎಷ್ಟು ಅಗ್ಗಕ್ಕೆ ತಂಡದ ಕೈಯಲ್ಲಿ ಇರುತ್ತಾನೆ ಅನ್ನೋದು ಮೊದಲನೆಯದು. ಈ ಕ್ರಮ ತಪ್ಪಿದರೆ ನಿಮ್ಮ ಅಭಿಪ್ರಾಯ ಸುಮ್ನೆ ಅಭಿಮಾನ ಆಗುತ್ತದೆ.

ಗಡಿಯಾರ ಓದಲು ಕಲಿಯಿರಿ

ಅಮೆರಿಕದ ಹುಡುಗರು ಬರೋದು ಡ್ರಾಫ್ಟ್ ಮೂಲಕ. ಹೈಸ್ಕೂಲ್ ಮುಗಿಸಿದವರು ಬರಬಹುದು. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರು ವರ್ಷ ಕಳೆಯಬೇಕು ಅಥವಾ 21 ತುಂಬಬೇಕು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯ ಹುಡುಗರಿಗೆ ಡ್ರಾಫ್ಟ್ ಇಲ್ಲ, 16ರ ವಯಸ್ಸಿಗೇ ನೇರ ಸಹಿ. ಮ್ಯಾರಿನರ್ಸ್‌ನ ಹೂಲಿಯೊ ರೊಡ್ರಿಗಸ್ 2017ರಲ್ಲಿ ಹಾಗೇ ಬಂದವನು, 17.5 ಲಕ್ಷ ಡಾಲರ್‌ಗೆ.

ಐಪಿಎಲ್ ನೋಡಿದವರಿಗೆ ಇಲ್ಲೊಂದು ಗೊಂದಲ ಆಗುತ್ತದೆ. ಇಲ್ಲಿ ಹರಾಜು ಇಲ್ಲ. ತಂಡಗಳು ಸರದಿ ಪ್ರಕಾರ ಹೆಸರು ಕೂಗುತ್ತವೆ. ಕೂಗಿದ ತಂಡದ ಜೊತೆ ಸಹಿ ಹಾಕು, ಇಲ್ಲವಾದರೆ ವಾಪಸ್ ಕಾಲೇಜಿಗೆ ಹೋಗು, ಅಷ್ಟೇ. ಸಹಿ ಹಾಕಿದ ಮೇಲೆ ಕೆಳಗಿನ ಲೀಗ್‌ಗಳಲ್ಲಿ ವರ್ಷಗಟ್ಟಲೆ ಅದೇ ತಂಡದವನು. ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ಗೆ ಬಂದ ಮೇಲೆ ಮತ್ತೆ ಆರು ವರ್ಷ. ಅದರಲ್ಲಿ ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, 2025ರಲ್ಲಿ ಅದು 7.6 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಆರ್ಬಿಟ್ರೇಶನ್, ಅಂದರೆ ಸಂಬಳದಲ್ಲಿ ಒಮ್ಮತ ಬರದಿದ್ದರೆ ಮಧ್ಯಸ್ಥರು ತೀರ್ಮಾನಿಸುವ ಪದ್ಧತಿ: ಸಂಬಳ ಏರುತ್ತದೆ, ಆದರೂ ಮಾರುಕಟ್ಟೆ ಬೆಲೆ ಮುಟ್ಟುವುದಿಲ್ಲ. ಆರು ವರ್ಷ ತುಂಬಿದ ಮೇಲೆಯೇ ಅವನು ಫ್ರೀ ಏಜೆಂಟ್, ಬೇಕಾದ ತಂಡಕ್ಕೆ ಹೋಗಬಹುದು.

ಈ ಲೆಕ್ಕದಲ್ಲಿ ಒಂದು ವರ್ಷ ಅಂದರೆ 172 ದಿನ. ಸೀಸನ್ ಅದಕ್ಕಿಂತ ಒಂದೆರಡು ವಾರ ಉದ್ದ. ತಂತ್ರ ಗೊತ್ತಾಯ್ತಲ್ವಾ? ಏಪ್ರಿಲ್‌ನಲ್ಲಿ ಹುಡುಗನನ್ನು ಸ್ವಲ್ಪ ದಿನ ಕೆಳಗೇ ಕೂರಿಸಿದರೆ ಆ ವರ್ಷ ಪೂರ್ತಿ ಎಣಿಕೆಗೆ ಬರುವುದಿಲ್ಲ. ತಂಡಕ್ಕೆ ಹತ್ತಿರಹತ್ತಿರ ಏಳನೇ ವರ್ಷ ಪುಕ್ಕಟೆ ಸಿಗುತ್ತದೆ. ಹಲವು ತಂಡಗಳು ಇದನ್ನು ಮಾಡುತ್ತಿದ್ದವು, ಯಾರೂ ಬಾಯಿ ಬಿಡುತ್ತಿರಲಿಲ್ಲ. 2021ರ ಫೆಬ್ರವರಿಯಲ್ಲಿ ಮ್ಯಾರಿನರ್ಸ್ ಅಧ್ಯಕ್ಷ ಕೆವಿನ್ ಮ್ಯಾಥರ್ ಬೆಲ್‌ವ್ಯೂನ ಒಂದು ರೋಟರಿ ಕ್ಲಬ್ ಜೊತೆ ಮಾತಾಡುತ್ತಾ ಅದನ್ನೇ ಹೇಳಿಬಿಟ್ಟರು. ತಂಡದ ಭರವಸೆಯ ಹುಡುಗ ಜಾರೆಡ್ ಕೆಲೆನಿಕ್ ದೀರ್ಘ ಒಪ್ಪಂದ ಬೇಡ ಅಂದಿದ್ದಾನೆ, ಏಪ್ರಿಲ್ ಒಂದಷ್ಟು ಕಳೆದ ಮೇಲೆ ಬರುತ್ತಾನೆ ಅಂತ. ವಿಡಿಯೊ ಹೊರಗೆ ಬಂತು, ಅವರ ಕೆಲಸ ಹೋಯಿತು. ಕೆಲೆನಿಕ್ ಮೇ 13ಕ್ಕೆ ಬಂದ. ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ 0.181, ತೀರಾ ಕಡಿಮೆ.

ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದಲ್ಲಿ ಇದಕ್ಕೊಂದು ಆಮಿಷ ಇಟ್ಟರು. ಟಾಪ್-100 ಪಟ್ಟಿಗಳಲ್ಲಿರುವ ಹುಡುಗನನ್ನು ಸೀಸನ್ ಶುರುವಿನಿಂದಲೇ ಆಡಿಸಿ, ಅವನು ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರೆ ತಂಡಕ್ಕೆ ಒಂದು ಹೆಚ್ಚುವರಿ ಡ್ರಾಫ್ಟ್ ಪಿಕ್, ಅಂದರೆ ಹೆಸರು ಕೂಗಲು ಇನ್ನೊಂದು ಸರದಿ. ಹೂಲಿಯೊನನ್ನು ಮ್ಯಾರಿನರ್ಸ್ 2022ರ ಮೊದಲ ದಿನದಿಂದ ಆಡಿಸಿತು, ಅವನು ಗೆದ್ದ, 2023ರಲ್ಲಿ 29ನೇ ಪಿಕ್ ಸಿಕ್ಕಿತು. ಜಾನಿ ಫಾರ್ಮೆಲೊ ಬಂದಿದ್ದು ಹಾಗೆ. ಆ ಡ್ರಾಫ್ಟ್ ಸಿಯಾಟಲ್‌ನ ಲುಮೆನ್ ಫೀಲ್ಡ್‌ನಲ್ಲೇ ನಡೆದಿತ್ತು. ಅದೇ ವರ್ಷ 22ನೆಯವನಾಗಿ ಬಂದವನು ಕೋಲ್ಟ್ ಎಮರ್ಸನ್.

ಹಾಗಾಗಿ ಯಾವ ಹುಡುಗನ ಹೆಸರು ಕೇಳಿದರೂ ಮೊದಲು ಮೂರು ವಿಷಯ ಬರೆದುಕೊಳ್ಳಿ. ಅವನ ವಯಸ್ಸು, ಯಾವ ಮಟ್ಟದಲ್ಲಿ ಆಡುತ್ತಿದ್ದಾನೆ, ಯಾವ ವರ್ಷದ ತನಕ ತಂಡದ ಕೈಯಲ್ಲಿದ್ದಾನೆ. ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಎಷ್ಟು ಅನ್ನೋದನ್ನು ಆಮೇಲೆ ಬರೆಯಿರಿ.

ಎವರೆಟ್‌ನಲ್ಲಿ ಏನು ನೋಡಬೇಕು

ಕೆಳಗಿನ ಲೀಗ್‌ಗಳ, ಅಂದರೆ ಮೈನರ್ ಲೀಗ್ ತಂಡಗಳು ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ ಆರು ಪಂದ್ಯ ಆಡುತ್ತವೆ, ಸೋಮವಾರ ರಜೆ. ಪಂದ್ಯ ಶುರು ಮಾಡುವ ಎಸೆತಗಾರ, ಅಂದರೆ ಸ್ಟಾರ್ಟಿಂಗ್ ಪಿಚರ್, ಸಾಮಾನ್ಯವಾಗಿ ವಾರಕ್ಕೊಮ್ಮೆ ಎಸೆಯುತ್ತಾನೆ. ನಿಮಗೆ ಬೇಕಾದ ಪಿಚರ್ ಹೋದ ವಾರ ಯಾವ ದಿನ ಎಸೆದ ಅಂತ ನೋಡಿ ಟಿಕೆಟ್ ತಗೊಳ್ಳಿ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಕೂರಿ. ರೇಡಾರ್ ಗನ್ ಹಿಡಿದ ಸ್ಕೌಟ್‌ಗಳು ಅಲ್ಲೇ ಇರುತ್ತಾರೆ. ಅವರ ಜೊತೆ ಹರಟೆಗೆ ಇಳಿಯಬೇಡಿ, ಅವರು ಡ್ಯೂಟಿಯಲ್ಲಿದ್ದಾರೆ.

ಫೋನಿನ ಸ್ಟಾಪ್‌ವಾಚ್ ಸಾಕು. ಬ್ಯಾಟ್‌ಗೆ ಚೆಂಡು ತಾಗಿದ ಕ್ಷಣ ಒತ್ತಿ, ಮೊದಲ ಬೇಸ್‌ಗೆ ಕಾಲು ತಾಗಿದಾಗ ನಿಲ್ಲಿಸಿ. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್, ಎಡಗೈಯವನಿಗೆ 4.2, ಇದು ಮೇಜರ್ ಲೀಗ್ ಮಟ್ಟದ ಸಾಧಾರಣ ಓಟ. ಎಡಗೈಯವನು ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಲ್ಲುತ್ತಾನೆ, ಅದಕ್ಕೇ ಆ ವ್ಯತ್ಯಾಸ. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ವಿಷಯದಲ್ಲಿ, ಅವನ ಗ್ಲೌಸ್‌ಗೆ ಚೆಂಡು ಬಡಿದಾಗಿನಿಂದ ಎರಡನೇ ಬೇಸ್‌ನಲ್ಲಿ ಫೀಲ್ಡರ್ ಕೈಗೆ ಸೇರುವ ತನಕ ಅಳೆಯಿರಿ. ಎರಡು ಸೆಕೆಂಡ್ ಸಾಧಾರಣ, 1.9 ಬಂದರೆ ಒಳ್ಳೆಯ ತೋಳು. ಸ್ಕೌಟ್‌ಗಳು ಇದನ್ನೆಲ್ಲ 20ರಿಂದ 80ರ ಅಳತೆಯಲ್ಲಿ ಬರೆಯುತ್ತಾರೆ, 50 ಅಂದರೆ ಮೇಜರ್ ಲೀಗ್ ಸರಾಸರಿ. ಯಾರಾದರೂ ಒಬ್ಬ ಹುಡುಗನಿಗೆ ಎಲ್ಲದರಲ್ಲೂ 60 ಕೊಟ್ಟರೆ ಅವರು ಅವನ ಮಾವನೋ ಏಜೆಂಟೋ ಇರಬೇಕು.

2025ರಲ್ಲಿ ಎವರೆಟ್‌ಗೆ ಹೋದವರಿಗೆ ಒಂದು ಅಪರೂಪದ ನೋಟ ಸಿಕ್ಕಿತು. ಹುರಾಂಜೆಲೊ ಸೈಂಚೆ, 2024ರ 15ನೇ ಪಿಕ್, ಎರಡೂ ಕೈಯಲ್ಲಿ ಎಸೆಯುತ್ತಿದ್ದ. ಅವನ ಗ್ಲೌಸ್‌ಗೆ ಆರು ಬೆರಳು, ಎರಡೂ ತುದಿಗೆ ಒಂದೊಂದು ಹೆಬ್ಬೆರಳು. ಎಡಗೈ ಬ್ಯಾಟರ್ ಬಂದರೆ ಗ್ಲೌಸ್ ಬದಲಿಸಿಕೊಂಡು ಎಡಗೈಯಲ್ಲಿ ಎಸೆಯುತ್ತಿದ್ದ. ಯಾವ ಕೈ ಅಂತ ಪಿಚರ್ ಮೊದಲೇ ತೋರಿಸಬೇಕು, ಆ ಬ್ಯಾಟರ್ ಇರುವ ತನಕ ಬದಲಿಸುವಂತಿಲ್ಲ ಅನ್ನೋದು ನಿಯಮ. ನೋಡಲು ಮಜಾ, ನನ್ನ ಮಕ್ಕಳಂತೂ ಸೀಟಿನ ಮೇಲೆ ಹತ್ತಿ ನಿಂತರು. ಆದರೆ ತೂಗುವಾಗ ಮಜಾ ಪಕ್ಕಕ್ಕಿಡಿ. ಬಲಗೈ ಎಸೆತ ಎಡಗೈಗಿಂತ ಬಲವಾಗಿತ್ತು. ನನ್ನನ್ನು ಕೇಳಿದರೆ ಎರಡು ಕೈಗೆ ಹಂಚುವ ಅಭ್ಯಾಸದ ಸಮಯವನ್ನೆಲ್ಲ ಬಲಗೈಗೇ ಕೊಡಬೇಕಿತ್ತು.

ಆ ದಿನ ಊರಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. "ಪಾಪ, ಇವರಿಗೆ ಸಂಬಳ ಎಷ್ಟೇ?" ಅಂದರು. ಒಳ್ಳೆಯ ಪ್ರಶ್ನೆ. 2023ರಲ್ಲಿ ಮೈನರ್ ಲೀಗ್ ಆಟಗಾರರು ಮೊದಲ ಸಲ ಸಂಘದ ಒಪ್ಪಂದ ಮಾಡಿಕೊಂಡಾಗ ಈ ಮಟ್ಟಕ್ಕೆ, ಅಂದರೆ ಹೈ-ಎ ಲೀಗ್‌ಗೆ, ನಿಗದಿಯಾಗಿದ್ದು ವರ್ಷಕ್ಕೆ 27,300 ಡಾಲರ್. ಸಿಯಾಟಲ್ ಸುತ್ತಮುತ್ತ ಅಷ್ಟರಲ್ಲಿ ಬದುಕುವುದು ಕಷ್ಟ. ಅದಕ್ಕೇ ಸಹಿಯ ಬೋನಸ್ ಮೇಲೆ ಅಷ್ಟು ಜಗ್ಗಾಟ.

ಅಂಕಿ ನೋಡುವಾಗ ಬ್ಯಾಟರ್‌ಗಳ ಸರಾಸರಿಗಿಂತ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮತ್ತು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಪುಕ್ಕಟೆ ಮೊದಲ ಬೇಸ್) ಮೇಲೆ ಕಣ್ಣಿಡಿ. ವಯಸ್ಸಿನ ಜೊತೆ ಇಟ್ಟು ನೋಡಿ. 19ರ ಹುಡುಗ ಎವರೆಟ್‌ನಲ್ಲಿ ಸಾಧಾರಣವಾಗಿ ಆಡಿದರೂ ಅದು ಒಳ್ಳೆಯ ಸುದ್ದಿ. 24ರವನು ಅಲ್ಲೇ ಚಚ್ಚುತ್ತಿದ್ದರೆ ಸ್ವಲ್ಪ ತಡೆಯಿರಿ. ಮೈದಾನದ ಗುಣವೂ ಲೆಕ್ಕಕ್ಕೆ ಬರುತ್ತದೆ. ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ತಂಡ ಟಕೋಮಾ ಆಡುವ ಲೀಗ್‌ನಲ್ಲಿ ಆಲ್ಬುಕರ್ಕಿ, ರೀನೊ ಥರದ ಎತ್ತರದ ಊರುಗಳಿವೆ, ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ಹಾರಿಹೋಗುತ್ತದೆ. ಸಿಯಾಟಲ್‌ನ ಮೈದಾನದಲ್ಲಿ ಏಪ್ರಿಲ್ ಚಳಿಗೆ ಅದೇ ಹೊಡೆತ ಬೇಲಿಯ ಮುಂದೆ ಕ್ಯಾಚ್ ಆಗುತ್ತದೆ. ಟಕೋಮಾದ ಹೋಮ್ ರನ್‌ಗೆ ನಾನು ಯಾವಾಗಲೂ ಡಿಸ್ಕೌಂಟ್ ಹಾಕುತ್ತೇನೆ.

ಪಿಚರ್‌ಗಳಿಗೆ ಎರಡು ಉದಾಹರಣೆ ನೆನಪಿಟ್ಟುಕೊಳ್ಳಿ. ಜಾರ್ಜ್ ಕರ್ಬಿ, 2019ರ 20ನೇ ಪಿಕ್, ಆ ಬೇಸಿಗೆ ಎವರೆಟ್‌ನಲ್ಲಿ 23 ಇನ್ನಿಂಗ್ಸ್ ಎಸೆದ. 25 ಸ್ಟ್ರೈಕ್‌ಔಟ್, ಒಂದೂ ವಾಕ್ ಇಲ್ಲ. ಇಂಥ ಅಂಕಿ ಕಾಕತಾಳೀಯ ಅಲ್ಲ, ಮೇಲೆ ಬಂದ ಮೇಲೂ ಅವನು ಹಾಗೇ ಎಸೆದ. ಇನ್ನೊಂದು ಕಡೆ ಬ್ರಯನ್ ವೂ. ಕಾಲೇಜಿನಲ್ಲಿ ಅವನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್) ಆರಕ್ಕೂ ಮೇಲೆ, ಸಾಲದ್ದಕ್ಕೆ 2021ರಲ್ಲಿ ಮೊಣಕೈ ಆಪರೇಷನ್. ಮ್ಯಾರಿನರ್ಸ್ ಅವನನ್ನು ಆರನೇ ಸುತ್ತಿನಲ್ಲಿ ತಗೊಂಡಿತು. ಅವನ ಫಾಸ್ಟ್‌ಬಾಲ್ ಕೈಯಿಂದ ಬಿಡುವ ಎತ್ತರ, ಅದು ಪ್ಲೇಟ್‌ಗೆ ಬರುವ ಕೋನ ನೋಡಿದವರಿಗೆ ಆ ಇಆರ್‌ಎ ಮುಖ್ಯ ಅನ್ನಿಸಲಿಲ್ಲ. 2025ರಲ್ಲಿ ಅವನು ಆಲ್-ಸ್ಟಾರ್, ಅಂದರೆ ಲೀಗ್‌ನ ಆಯ್ದ ತಾರೆಯರ ತಂಡದಲ್ಲಿ ಒಬ್ಬ. ಅಂದರೆ ವಾಕ್ ಮತ್ತು ಸ್ಟ್ರೈಕ್‌ಔಟ್ ನಂಬಿ, ರನ್ ಎಷ್ಟು ಕೊಟ್ಟ ಅನ್ನೋದನ್ನು ಅಷ್ಟಾಗಿ ನಂಬಬೇಡಿ.

ಡ್ರಾಫ್ಟ್ ದಿನ

ಡ್ರಾಫ್ಟ್ ಜುಲೈನಲ್ಲಿ, 20 ಸುತ್ತು. ಮೊದಲ ಆರು ಸ್ಥಾನಕ್ಕೆ 2023ರಿಂದ ಲಾಟರಿ ಇದೆ. ಇದರ ಬೆಲೆ ಗೊತ್ತಾಗಬೇಕಾದರೆ 2008 ನೆನಪಿಸಿಕೊಳ್ಳಿ. ಆಗ ಕೊನೆಯ ಸ್ಥಾನದವರಿಗೇ ಮೊದಲ ಪಿಕ್. ಮ್ಯಾರಿನರ್ಸ್ 101 ಪಂದ್ಯ ಸೋತೂ, ಕೊನೇ ಮೂರು ಪಂದ್ಯದಲ್ಲಿ ಓಕ್‌ಲ್ಯಾಂಡ್ ಮೇಲೆ ಗೆದ್ದು 61 ಗೆಲುವಿಗೆ ಮುಟ್ಟಿತು. ವಾಷಿಂಗ್ಟನ್ 59ಕ್ಕೆ ನಿಂತಿತು. ಮೊದಲ ಪಿಕ್ ಜೊತೆ ಸ್ಟೀಫನ್ ಸ್ಟ್ರಾಸ್‌ಬರ್ಗ್ ಆ ಕಡೆ ಹೋದ, ನಮಗೆ ಎರಡನೆಯವನಾಗಿ ಡಸ್ಟಿನ್ ಆ್ಯಕ್ಲಿ ಬಂದ. ಅದೇ ಡ್ರಾಫ್ಟ್‌ನಲ್ಲಿ ಮೈಕ್ ಟ್ರೌಟ್ 25ನೆಯವನು. ಈಗಿನ ಲಾಟರಿ ನಮಗೆ ಒಮ್ಮೆ ಒಲಿದಿದೆ: 2024ರಲ್ಲಿ 85 ಗೆದ್ದ ತಂಡಕ್ಕೆ 2025ರ ಮೂರನೇ ಪಿಕ್ ಸಿಕ್ಕಿ, ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ ಎಡಗೈ ಪಿಚರ್ ಕೇಡ್ ಆ್ಯಂಡರ್ಸನ್ ಬಂದ.

ಆ ವರ್ಷದ ದುಡ್ಡು ನೋಡಿ, ಡ್ರಾಫ್ಟ್ ಹೇಗೆ ನಡೆಯುತ್ತದೆ ಅಂತ ಪೂರ್ತಿ ತಿಳಿಯುತ್ತದೆ. ಮೊದಲ ಪಿಕ್‌ಗೆ ಲೀಗ್ ನಿಗದಿ ಮಾಡಿದ ಬೋನಸ್ ಮೊತ್ತ, ಅಂದರೆ ಸ್ಲಾಟ್, ಸುಮಾರು 1.1 ಕೋಟಿ ಡಾಲರ್. ವಾಷಿಂಗ್ಟನ್ ಕರೆದ 17ರ ಹುಡುಗ ಇಲೈ ವಿಲ್ಲಿಟ್ಸ್ ಸಹಿ ಹಾಕಿದ್ದು 82 ಲಕ್ಷಕ್ಕೆ. ಮೂರನೆಯವನಾದ ಆ್ಯಂಡರ್ಸನ್‌ಗೆ 88 ಲಕ್ಷ, ನಾಲ್ಕನೆಯ ಈಥನ್ ಹಾಲಿಡೇಗೆ 90 ಲಕ್ಷ. ತಲೆಕೆಳಗಾಗಿದೆ ಅಲ್ವಾ? ಮೊದಲ ಹತ್ತು ಸುತ್ತಿನ ಸ್ಲಾಟ್‌ಗಳೆಲ್ಲ ಸೇರಿ ತಂಡಕ್ಕೆ ಒಂದೇ ಗಂಟು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಸುರಿಯಬಹುದು. ಗಂಟನ್ನು 5 ಶೇಕಡಾದವರೆಗೆ ಮೀರಿದರೆ ತೆರಿಗೆ, ಅದಕ್ಕೂ ಮೇಲೆ ಹೋದರೆ ಮುಂದಿನ ಮೊದಲ ಸುತ್ತಿನ ಪಿಕ್ಕೇ ಹೋಗುತ್ತದೆ. ಮ್ಯಾರಿನರ್ಸ್ 2024ರ ಎರಡನೇ ಸುತ್ತಿನಲ್ಲಿ ಹೈಸ್ಕೂಲ್ ಪಿಚರ್ ರಯನ್ ಸ್ಲೋನ್‌ಗೆ ಸ್ಲಾಟ್ ಮೀರಿ 30 ಲಕ್ಷ ಕೊಟ್ಟಿದ್ದು ಇದೇ ಆಟ. ಹಾಗಾಗಿ ಮೊದಲ ಪಿಕ್ ಕೇಳಿದ ತಕ್ಷಣ ಬಯ್ಯಬೇಡಿ. ಹತ್ತು ಸುತ್ತು ಮುಗಿಯಲಿ, ಸಹಿಗಳು ಬರಲಿ, ಆಮೇಲೆ ಬಯ್ಯಿರಿ.

ಬಯ್ಯಲು ಕಾರಣ ಬೇಕಾದರೆ ಸಿಯಾಟಲ್‌ನಲ್ಲಿ ಬರವಿಲ್ಲ. 2005ರಲ್ಲಿ ಮೂರನೆಯವನಾಗಿ ಕ್ಯಾಚರ್ ಜೆಫ್ ಕ್ಲೆಮೆಂಟ್. ನಾಲ್ಕನೆಯವನು ರಯನ್ ಝಿಮ್ಮರ್‌ಮನ್, ಐದನೆಯವನು ರಯನ್ ಬ್ರೌನ್, ಏಳನೆಯವನು ಟ್ರಾಯ್ ಟುಲೊವಿಟ್ಸ್‌ಕಿ. ಮರುವರ್ಷ ಇನ್ನೂ ಕೆಟ್ಟದು. ಟಿಮ್ ಲಿನ್ಸೆಕಮ್ ಇದೇ ಊರಿನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಎಸೆಯುತ್ತಿದ್ದ, ಇಲ್ಲೇ ಬೆಳೆದ ಹುಡುಗ. ಮೈ ಸಣ್ಣದು, ಎಸೆತದ ಶೈಲಿ ವಿಚಿತ್ರ, ತೋಳು ಬಾಳುವುದಿಲ್ಲ ಅನ್ನೋ ಭಯ. ಮ್ಯಾರಿನರ್ಸ್ ಐದನೆಯವನಾಗಿ ಬ್ರ್ಯಾಂಡನ್ ಮಾರೊನನ್ನು ತಗೊಂಡಿತು. ಹತ್ತನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ ಲಿನ್ಸೆಕಮ್ 2008, 2009 ಎರಡೂ ವರ್ಷ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಬೆಂಗಳೂರಿನವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತು. 2008ರ ಐಪಿಎಲ್‌ನಲ್ಲಿ 19ರ ಒಳಗಿನವರಿಗೆ ಹರಾಜಿರಲಿಲ್ಲ, ಡ್ರಾಫ್ಟ್ ಇತ್ತು. ದೆಹಲಿ ತನ್ನೂರಿನ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್‌ನನ್ನು ಕರೆಯಿತು, ಕೊಹ್ಲಿ ಆರ್‌ಸಿಬಿಗೆ ಬಂದ. ನಾವು ಸಿಯಾಟಲ್‌ನವರು ಈ ಕಥೆಯಲ್ಲಿ ದೆಹಲಿ.

ಇದರಿಂದ ನಾನು ಇಟ್ಟುಕೊಂಡ ನಿಯಮ ಒಂದೇ. ಈಗಾಗಲೇ ಎಲ್ಲರನ್ನೂ ಔಟ್ ಮಾಡುತ್ತಿರುವ ಹುಡುಗನ ಮೈಕಟ್ಟು ಸರಿಯಿಲ್ಲ ಅಂತ ಬಿಡಬಾರದು. ಆರು ಅಗ್ಗದ ವರ್ಷ ಸಿಗುವುದಾದರೆ ತೋಳು ಹತ್ತು ವರ್ಷ ಬಾಳಬೇಕಾಗಿಲ್ಲ.

ಹುಡುಗರನ್ನು ಯಾವಾಗ ಮಾರಬೇಕು

ಇಲ್ಲಿ ಜಗಳ ಜಾಸ್ತಿ. 2008ರ ಫೆಬ್ರವರಿಯಲ್ಲಿ ಮ್ಯಾರಿನರ್ಸ್ ಬಾಲ್ಟಿಮೋರ್‌ನಿಂದ ಪಿಚರ್ ಎರಿಕ್ ಬೆಡಾರ್ಡ್‌ನನ್ನು ತಂದಿತು. ಕೊಟ್ಟಿದ್ದು ಐವರನ್ನು, ಅದರಲ್ಲಿ ಆ್ಯಡಮ್ ಜೋನ್ಸ್ ಮತ್ತು ಕ್ರಿಸ್ ಟಿಲ್‌ಮನ್ ಇದ್ದರು. ಜೋನ್ಸ್ ಅಲ್ಲಿ ಐದು ಸಲ ಆಲ್-ಸ್ಟಾರ್ ಆದ. ಬೆಡಾರ್ಡ್ ಗಾಯಗಳ ನಡುವೆ ಆಡಿದ, ತಂಡ ಆ ವರ್ಷವೇ 101 ಸೋತಿತು. 2022ರ ಜುಲೈನಲ್ಲಿ ಅದೇ ಬಗೆಯ ವ್ಯಾಪಾರ: ಸಿನ್ಸಿನಾಟಿಯಿಂದ ಲೂಯಿಸ್ ಕಾಸ್ಟಿಯೊ ಬಂದ, ನೋಯೆಲ್ವಿ ಮಾರ್ಟೆ, ಎಡ್ವಿನ್ ಅರೋಯೊ ಸೇರಿ ನಾಲ್ವರು ಹೋದರು. ಕಾಸ್ಟಿಯೊಗೆ ಸೆಪ್ಟೆಂಬರ್‌ನಲ್ಲೇ ಐದು ವರ್ಷಕ್ಕೆ 10.8 ಕೋಟಿ ಡಾಲರ್‌ನ ಒಪ್ಪಂದ. 21 ವರ್ಷದ ನಂತರ ಪೋಸ್ಟ್‌ಸೀಸನ್‌ಗೆ (ಪ್ಲೇಆಫ್‌ಗೆ) ಬಂದ ತಂಡಕ್ಕೆ ಟೊರಾಂಟೊದಲ್ಲಿ ಮೊದಲ ಪಂದ್ಯ ಗೆಲ್ಲಿಸಿಕೊಟ್ಟ.

ಎರಡರಲ್ಲೂ ಹುಡುಗರು ಹೋದರು, ಏಸ್ ಪಿಚರ್ ಬಂದ. ವ್ಯತ್ಯಾಸ ಪಿಚರ್‌ನಲ್ಲಿ ಹುಡುಕಬೇಡಿ. 2022ರಲ್ಲಿ ಹೂಲಿಯೊ, ಕ್ಯಾಚರ್ ಕ್ಯಾಲ್ ರಾಲಿ, ಪಿಚರ್‌ಗಳಾದ ಲೋಗನ್ ಗಿಲ್ಬರ್ಟ್, ಕರ್ಬಿ ಎಲ್ಲರೂ ಅಗ್ಗದ ವರ್ಷಗಳಲ್ಲಿದ್ದರು. ಕಾಸ್ಟಿಯೊಗೆ ಸಂಬಳ ಕೊಡಲು ಜಾಗ ಇದ್ದಿದ್ದು ಅದಕ್ಕೇ. 2008ರ ತಂಡದ ಕೆಳಗೆ ಅಂಥ ಅಡಿಪಾಯ ಇರಲಿಲ್ಲ. ಯಾವ ವ್ಯಾಪಾರದ ಸುದ್ದಿ ಬಂದರೂ ಮೊದಲು ನಿಮ್ಮ ತಂಡದಲ್ಲಿ ಆರ್ಬಿಟ್ರೇಶನ್‌ಗೂ ಮುಂಚಿನ ಒಳ್ಳೆಯ ಆಟಗಾರರು ಎಷ್ಟಿದ್ದಾರೆ ಅಂತ ಎಣಿಸಿ. ಇಬ್ಬರಿಗಿಂತ ಕಡಿಮೆ ಇದ್ದರೆ ಹುಡುಗರನ್ನು ಮಾರಬೇಡಿ ಅನ್ನೋದು ನನ್ನ ಮತ.

ಇನ್ನೊಂದು ಕಾರಣಕ್ಕೂ ಮಾರುತ್ತಾರೆ: ದಾರಿ ಮುಚ್ಚಿದೆ ಅಂತ. ಹ್ಯಾರಿ ಫೋರ್ಡ್ 2021ರ 12ನೇ ಪಿಕ್, ಕ್ಯಾಚರ್. ಮೇಲೆ ಕ್ಯಾಲ್ ರಾಲಿ 2030ರವರೆಗೆ ಸಹಿ ಹಾಕಿ ಕೂತಿದ್ದಾನೆ. 2025ರ ಡಿಸೆಂಬರ್‌ನಲ್ಲಿ ಫೋರ್ಡ್‌ನನ್ನು ವಾಷಿಂಗ್ಟನ್‌ಗೆ ಕಳಿಸಿ ಎಡಗೈ ರಿಲೀವರ್ (ಪಂದ್ಯದ ನಡುವೆ ಬಂದು ಎಸೆಯುವ ಪಿಚರ್) ಹೋಸೆ ಫೆರರ್‌ನನ್ನು ತಂದರು. ಫೋರ್ಡ್ ಹೋಗಬೇಕಿತ್ತು, ಒಪ್ಪುತ್ತೇನೆ. ಆದರೆ ಆರೂ ವರ್ಷ ಬಾಕಿ ಇರುವ ಕ್ಯಾಚರ್‌ಗೆ ಬದಲಾಗಿ ಒಬ್ಬ ರಿಲೀವರ್? ಬೆಲೆ ಕಡಿಮೆಯಾಯಿತು. ರಿಲೀವರ್‌ಗಳು ವರ್ಷಕ್ಕೊಂದು ಥರ ಇರುತ್ತಾರೆ.

ಒಪ್ಪಂದ ತೂಗುವುದು

ಯಾವ ಒಪ್ಪಂದ ಬಂದರೂ ಒಟ್ಟು ಮೊತ್ತ ನೋಡಿ ಬೆಚ್ಚಬೇಡಿ. ಅದರಲ್ಲಿ ಹೇಗೂ ತಂಡದ ಕೈಯಲ್ಲಿದ್ದ ವರ್ಷ ಎಷ್ಟು, ಹೊಸದಾಗಿ ಕೊಂಡ ವರ್ಷ ಎಷ್ಟು, ಆ ಹೊಸ ವರ್ಷಗಳಲ್ಲಿ ಅವನ ವಯಸ್ಸೆಷ್ಟು, ಬಿಡಿಸಿ ನೋಡಿ.

ರಾಲಿ 2018ರ ಮೂರನೇ ಸುತ್ತಿನವನು, 90ನೇ ಪಿಕ್. 2025ರ ಮಾರ್ಚ್‌ನಲ್ಲಿ ಆರು ವರ್ಷಕ್ಕೆ 10.5 ಕೋಟಿ ಡಾಲರ್. 2027ರವರೆಗೆ ಅವನು ಹೇಗೂ ತಂಡದವನೇ. ಕೊಂಡಿದ್ದು 2028ರಿಂದ ಮೂರು ವರ್ಷ. ಅದೇ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದು ಕ್ಯಾಚರ್‌ಗಳ ದಾಖಲೆ, ಎರಡೂ ಕಡೆ ಬ್ಯಾಟ್ ಹಿಡಿಯುವವರ ದಾಖಲೆ, ಹಳೆಯ ತಾರೆ ಕೆನ್ ಗ್ರಿಫಿಯ 56ರ ಮ್ಯಾರಿನರ್ಸ್ ದಾಖಲೆ, ಎಲ್ಲ ಮುರಿದ. ಆರು ತಿಂಗಳು ಕಾದಿದ್ದರೆ ಈ ಬೆಲೆಗೆ ಕನಸಲ್ಲೂ ಸಿಗುತ್ತಿರಲಿಲ್ಲ.

ಬೇಗ ಕೊಡುವುದೇ ಸರಿ ಅಂತ ಅಂದುಕೊಂಡಿರಾ? ಎವನ್ ವೈಟ್ 2017ರ 17ನೇ ಪಿಕ್. ಮೇಜರ್ ಲೀಗ್‌ನಲ್ಲಿ ಒಂದು ಚೆಂಡೂ ಆಡದವನಿಗೆ 2019ರ ನವೆಂಬರ್‌ನಲ್ಲಿ ಆರು ವರ್ಷಕ್ಕೆ 2.4 ಕೋಟಿ. 2020ರಲ್ಲಿ ಫೀಲ್ಡಿಂಗ್‌ಗೆ ಗೋಲ್ಡ್ ಗ್ಲೌ ಗೆದ್ದ, ಬ್ಯಾಟಿಂಗ್ ಸರಾಸರಿ 0.176. ಆಮೇಲೆ ಗಾಯ. 2023ರ ಡಿಸೆಂಬರ್‌ನಲ್ಲಿ ಅವನನ್ನೂ ಕೆಲೆನಿಕ್‌ನನ್ನೂ ಒಂದೇ ವ್ಯಾಪಾರದಲ್ಲಿ ಅಟ್ಲಾಂಟಾಗೆ ಕಳಿಸಿದರು. ಆದರೂ ನಾನು ಆ ಒಪ್ಪಂದವನ್ನು ಹಳಿಯುವುದಿಲ್ಲ. 2.4 ಕೋಟಿ ಈ ಆಟದಲ್ಲಿ ಒಬ್ಬ ಒಳ್ಳೆಯ ಆಟಗಾರನ ಒಂದೇ ವರ್ಷದ ಸಂಬಳ, ಸೋತರೂ ತಂಡ ಮುಳುಗಲಿಲ್ಲ. ಮುಳುಗಿಸುವ ಬಗೆ ಬೇರೆ: 2013ರಲ್ಲಿ 31ರ ರಾಬಿನ್‌ಸನ್ ಕನೋಗೆ ಹತ್ತು ವರ್ಷಕ್ಕೆ 24 ಕೋಟಿ. ಅಲ್ಲಿ ಕೊಂಡಿದ್ದೆಲ್ಲ ಇಳಿವಯಸ್ಸಿನ ವರ್ಷಗಳೇ. ಐದು ವರ್ಷದಲ್ಲೇ ಅವನನ್ನು ನ್ಯೂಯಾರ್ಕ್‌ಗೆ ಸಾಗಿಸಬೇಕಾಯಿತು, ಅದಕ್ಕೆ ಕೊನೆಯ ಇನ್ನಿಂಗ್ಸ್ ಮುಗಿಸಿಕೊಡುವ ಪಿಚರ್, ಅಂದರೆ ಕ್ಲೋಸರ್ ಎಡ್ವಿನ್ ಡಿಯಾಸ್‌ನನ್ನೂ ಜೊತೆಗೆ ಕಟ್ಟಿ ಕೊಡಬೇಕಾಯಿತು.

ಹೂಲಿಯೊನ ಒಪ್ಪಂದ ಓದಲು ಒಂದು ಸಂಜೆ ಬೇಕು. 2022ರ ಆಗಸ್ಟ್‌ನಲ್ಲಿ, 21ರ ವಯಸ್ಸಿನಲ್ಲಿ ಸಹಿ. ಖಾತ್ರಿ ಸುಮಾರು 21 ಕೋಟಿ, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಮತದಾನದಲ್ಲಿ ಮೇಲೆ ಬರುತ್ತಾ ಹೋದರೆ 47 ಕೋಟಿವರೆಗೂ ಏರಬಹುದು. ಅವನ ಅತ್ಯುತ್ತಮ ವರ್ಷಗಳೆಲ್ಲ ಇದರೊಳಗೇ ಬಂದವು. ನನಗೆ ಇಷ್ಟವಾದ ಒಪ್ಪಂದ ಇದೇ.

ಕೊನೆಗೆ, ನವೆಂಬರ್ ಮರೆಯಬೇಡಿ. ಎಲ್ಲರೂ ಅಮೆರಿಕನ್ ಫುಟ್‌ಬಾಲ್ ನೋಡುತ್ತಿರುವಾಗ ತಂಡಗಳು 40 ಜನರ ಪಟ್ಟಿ ಕೊಡುತ್ತವೆ. 18 ಅಥವಾ ಅದಕ್ಕೂ ಮೊದಲೇ ಸಹಿ ಹಾಕಿದವನನ್ನು ಐದು ಸೀಸನ್, ಅದಕ್ಕಿಂತ ದೊಡ್ಡವನನ್ನು ನಾಲ್ಕು ಸೀಸನ್ ಆದ ಮೇಲೆ ಪಟ್ಟಿಗೆ ಸೇರಿಸದಿದ್ದರೆ, ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಎತ್ತಿಕೊಂಡವರು ಅವನನ್ನು ಇಡೀ ಸೀಸನ್ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು. ಪತ್ರಿಕೆಗಳ ಟಾಪ್-30 ಪಟ್ಟಿ ಏನೇ ಹೇಳಲಿ, ತಂಡ ನಿಜವಾಗಿ ಯಾರನ್ನು ನಂಬಿದೆ ಅನ್ನೋದು ಈ ಪಟ್ಟಿಯಲ್ಲಿದೆ. ಸೇರಿಸಿದವರ ಹೆಸರು ಓದಿ, ಬಿಟ್ಟವರ ಹೆಸರನ್ನು ಇನ್ನೂ ನಿಧಾನವಾಗಿ ಓದಿ.